ಕೆಲಸ ಹೋದರೂ ಅಭಿಪ್ರಾಯ ಬದಲಿಸಲಿಲ್ಲ: ಹಾಲಿವುಡ್‌ಗೆ ನಡುಕ ಹುಟ್ಟಿಸಿದ ವಿಮರ್ಶಕಿ ಪಾಲಿನ್ ಕೇಲ್

'ದಿ ಸೌಂಡ್ ಆಫ್ ಮ್ಯೂಸಿಕ್' ಸಿನಿಮಾದ ಹೆಸರು ಕೇಳದವರು ಕಡಿಮೆ. 1965ರಲ್ಲಿ ತೆರೆಕಂಡ ಈ ಚಿತ್ರ ಅಮೆರಿಕದಲ್ಲಿ ಗಳಿಕೆಯ ಹಳೆಯ ದಾಖಲೆಗಳನ್ನು ಮುರಿಯಿತು, ಐದು ಆಸ್ಕರ್ ಬಾಚಿಕೊಂಡಿತು. ತಾಯಿ ಇಲ್ಲದ ಮಕ್ಕಳು, ಮಿಲಿಟರಿ ಶಿಸ್ತಿನ ಮನೆ, ಹಾಡು ಹೇಳಿಕೊಟ್ಟು ಆ ಮನೆಗೆ ನಗು ತರುವ ಟೀಚರ್. ಗುಲ್ಜಾರ್ ಅವರ 'ಪರಿಚಯ್' ನೋಡಿದವರಿಗೂ ಈ ಕಥೆಯ ಜಾಡು ಗೊತ್ತಿರುತ್ತದೆ.

ಜನ ಮತ್ತೆ ಮತ್ತೆ ಟಿಕೆಟ್ ಕೊಂಡು ನೋಡುತ್ತಿದ್ದ ಈ ಚಿತ್ರವನ್ನು ಒಬ್ಬ ವಿಮರ್ಶಕಿ ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. ಅದೂ ಲಕ್ಷಾಂತರ ಗೃಹಿಣಿಯರು ಓದುತ್ತಿದ್ದ 'ಮೆಕಾಲ್ಸ್' ಎಂಬ ಮಾಸಪತ್ರಿಕೆಯಲ್ಲಿ! ಪ್ರೇಕ್ಷಕರ ಭಾವನೆಗಳನ್ನು ಲೆಕ್ಕ ಹಾಕಿ ಹಿಂಡುವ ಸಿನಿಮಾ ಇದು, ಇದು ಇಷ್ಟು ದೊಡ್ಡದಾಗಿ ಗೆದ್ದರೆ ಹೊಸದೇನಾದರೂ ಮಾಡಲು ಹೊರಟವರಿಗೆ ದಾರಿ ಇನ್ನಷ್ಟು ಕಷ್ಟವಾಗುತ್ತದೆ ಎಂಬುದು ಅವರ ವಾದ. ಸ್ವಲ್ಪ ದಿನಗಳಲ್ಲೇ ಅವರ ಕೆಲಸ ಹೋಯಿತು.

ಅವರೇ ಪಾಲಿನ್ ಕೇಲ್. ಆಗ ಅವರಿಗೆ 46 ದಾಟಿತ್ತು. ಸಿನಿಮಾ ಬಗ್ಗೆ ಬರೆದೇ ಬದುಕಬಹುದು ಎಂಬ ಆಸೆ ಹುಟ್ಟಿಸಿದ್ದ ಮೊದಲ ಕೆಲಸಗಳಲ್ಲಿ ಅದೂ ಒಂದು.

ಈ ಒಂದೇ ವಿಮರ್ಶೆಗಾಗಿ ಅವರನ್ನು ಮನೆಗೆ ಕಳಿಸಿದರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಆದರೆ ಪತ್ರಿಕೆಯ ಸಂಪಾದಕರು ಅದನ್ನು ಒಪ್ಪಲಿಲ್ಲ. 'ಲಾರೆನ್ಸ್ ಆಫ್ ಅರೇಬಿಯಾ', 'ಡಾಕ್ಟರ್ ಜಿವಾಗೊ', ಬೀಟಲ್ಸ್ ತಂಡದ 'ಎ ಹಾರ್ಡ್ ಡೇಸ್ ನೈಟ್' ಹೀಗೆ ಜನ ಮೆಚ್ಚಿದ್ದನ್ನೆಲ್ಲ ಒಂದರ ಹಿಂದೊಂದು ಬೈಯುತ್ತಲೇ ಹೋದದ್ದು ಕಾರಣ ಎಂದು ಅವರು ಹೇಳಿದ್ದರು. ಕಾರಣ ಯಾವುದೇ ಇರಲಿ, ಅಭಿಪ್ರಾಯ ಬದಲಿಸಿಕೊಂಡಿದ್ದರೆ ಕೇಲ್ ಅವರ ಕೆಲಸ ಉಳಿಯುತ್ತಿತ್ತು ಎಂಬುದಂತೂ ಸ್ಪಷ್ಟ.

ಕೋಳಿ ಫಾರ್ಮ್‌ನ ಹುಡುಗಿ

ಪಾಲಿನ್ ಕೇಲ್ ಹುಟ್ಟಿದ್ದು 1919ರ ಜೂನ್ 19ರಂದು, ಕ್ಯಾಲಿಫೋರ್ನಿಯಾದ ಪೆಟಲುಮಾದಲ್ಲಿ. ಮೊಟ್ಟೆ ವ್ಯಾಪಾರಕ್ಕೆ ಹೆಸರಾಗಿದ್ದ ಊರದು. ಪೋಲೆಂಡ್‌ನಿಂದ ವಲಸೆ ಬಂದಿದ್ದ ಯಹೂದಿ ದಂಪತಿಯ ಐವರು ಮಕ್ಕಳಲ್ಲಿ ಇವರೇ ಕಿರಿಯರು. ಅಪ್ಪನಿಗೆ ಕೋಳಿ ಫಾರ್ಮ್ ಇತ್ತು. ಕೇಲ್ ಎಂಟು ವರ್ಷದವರಿದ್ದಾಗ ಅದು ಕೈತಪ್ಪಿತು, ಕುಟುಂಬ ಸ್ಯಾನ್ ಫ್ರಾನ್ಸಿಸ್ಕೊಗೆ ಬಂತು.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ, ಸಾಹಿತ್ಯ ಓದಿದರು. 1940ರಲ್ಲಿ ಪದವಿ ಮುಗಿಸದೆಯೇ ಹೊರಬಂದರು. ಆನಂತರದ ಸುಮಾರು 25 ವರ್ಷ ಅವರು ಮಾಡದ ಕೆಲಸ ಇಲ್ಲ. ಅಡುಗೆ ಮಾಡಿದರು, ಬಟ್ಟೆ ಹೊಲಿದರು, ಜಾಹೀರಾತಿಗೆ ಸಾಲು ಬರೆದುಕೊಟ್ಟರು. 1948ರಲ್ಲಿ ಮಗಳು ಹುಟ್ಟಿದಳು. ಮಗುವಿನ ತಂದೆ ಕವಿ ಹಾಗೂ ಪ್ರಯೋಗಶೀಲ ಚಿತ್ರಗಳ ನಿರ್ದೇಶಕ ಜೇಮ್ಸ್ ಬ್ರೌಟನ್. ಇಬ್ಬರೂ ಮದುವೆಯಾಗಲಿಲ್ಲ, ಮಗುವನ್ನು ಕೇಲ್ ಒಬ್ಬರೇ ಸಾಕಿದರು. ಮಗುವಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇತ್ತು, ಶಸ್ತ್ರಚಿಕಿತ್ಸೆಗೆ ಹಣ ಇರಲಿಲ್ಲ. ಮುಂದೆ ಅವರ ಬರಹದಲ್ಲಿ ಕಾಣುವ ಒರಟುತನದ ಬಗ್ಗೆ ಮಾತಾಡುವವರು ಈ ವರ್ಷಗಳನ್ನು ಅಷ್ಟಾಗಿ ನೆನೆಯುವುದಿಲ್ಲ.

ಸಿನಿಮಾ ಬರಹಕ್ಕೆ ಬಂದದ್ದು ಆಕಸ್ಮಿಕ. 1950ರ ದಶಕದ ಆರಂಭದಲ್ಲಿ ಕಾಫಿ ಶಾಪ್ ಒಂದರಲ್ಲಿ ಗೆಳೆಯರ ಜೊತೆ ಸಿನಿಮಾ ಬಗ್ಗೆ ಜೋರಾಗಿ ಜಗಳವಾಡುತ್ತಿದ್ದರು. 'ಸಿಟಿ ಲೈಟ್ಸ್' ಎಂಬ ಪತ್ರಿಕೆಯ ಸಂಪಾದಕರ ಕಿವಿಗೆ ಅದು ಬಿತ್ತು. ಚಾರ್ಲಿ ಚಾಪ್ಲಿನ್ ಅವರ 'ಲೈಮ್‌ಲೈಟ್' ಬಗ್ಗೆ ಬರೆದುಕೊಡಿ ಎಂದರು. ಪತ್ರಿಕೆಯ ಹೆಸರೇ ಚಾಪ್ಲಿನ್ ಚಿತ್ರದ್ದು. ಆದರೂ 1953ರಲ್ಲಿ ಅಚ್ಚಾದ ಕೇಲ್ ಅವರ ಮೊದಲ ವಿಮರ್ಶೆ ಚಾಪ್ಲಿನ್ ಅವರನ್ನು ಚೆನ್ನಾಗಿ ಝಾಡಿಸಿತ್ತು. ತಾವೇ ದೊಡ್ಡ ಕಲಾವಿದ ಎಂಬ ಸ್ವಾನುಕಂಪದಲ್ಲಿ ಮುಳುಗಿದ ಚಿತ್ರ ಎಂಬುದು ಅವರ ದೂರು.

ಆಮೇಲೆ ರೇಡಿಯೊ. ಬರ್ಕ್ಲಿಯ ಕೆಪಿಎಫ್‌ಎ ಕೇಂದ್ರದಲ್ಲಿ ಸಿನಿಮಾ ಬಗ್ಗೆ ಮಾತಾಡುತ್ತಿದ್ದರು, ಸಂಬಳ ಮಾತ್ರ ಸೊನ್ನೆ. 1955ರಿಂದ ಬರ್ಕ್ಲಿಯ ಪುಟ್ಟ ಚಿತ್ರಮಂದಿರವೊಂದನ್ನು ನೋಡಿಕೊಂಡರು. ಯಾವ ಹಳೆಯ ಚಿತ್ರ ತರಿಸಬೇಕು ಎಂದು ಆರಿಸುವುದರಿಂದ ಹಿಡಿದು ಎಲ್ಲವೂ ಅವರದೇ. ಬರ್ಗ್‌ಮನ್ ಚಿತ್ರದ ಪಕ್ಕದಲ್ಲೇ ಹಾಲಿವುಡ್‌ನ ಹಳೆಯ ಹಾಸ್ಯಚಿತ್ರ ಹಾಕಲು ಅವರಿಗೆ ಅಳುಕಿರಲಿಲ್ಲ. ಪ್ರತಿ ಚಿತ್ರಕ್ಕೂ ನಾಲ್ಕೈದು ಸಾಲಿನ ಟಿಪ್ಪಣಿ ಬರೆದು ಹಂಚುತ್ತಿದ್ದರು. ಪ್ರೇಕ್ಷಕರು ಆ ಹಾಳೆಗಳನ್ನು ಜೋಪಾನವಾಗಿ ಎತ್ತಿಡತೊಡಗಿದರು. ಕ್ಲಾಸಿಕ್ ಮತ್ತು ಮಾಸ್ ನಡುವೆ ಗೋಡೆ ಇಲ್ಲ ಎಂಬ ಅವರ ನಂಬಿಕೆ ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಲ್ಲ, ಈ ಥಿಯೇಟರ್‌ನಲ್ಲಿ ಎನ್ನಬಹುದು.

1963ರಲ್ಲಿ ಅವರು ನ್ಯೂಯಾರ್ಕ್‌ನ ವಿಮರ್ಶಕ ಆ್ಯಂಡ್ರೂ ಸ್ಯಾರಿಸ್ ಮೇಲೆ ಮುಗಿಬಿದ್ದರು. ಸಿನಿಮಾದ ನಿಜವಾದ ಕರ್ತೃ ನಿರ್ದೇಶಕನೇ, ಅವನ ಛಾಪು ಎಲ್ಲ ಚಿತ್ರಗಳಲ್ಲೂ ಇರುತ್ತದೆ ಎಂಬ ಫ್ರೆಂಚ್ ವಿಚಾರವನ್ನು ಸ್ಯಾರಿಸ್ ಅಮೆರಿಕಕ್ಕೆ ತಂದಿದ್ದರು. ಒಬ್ಬ ನಿರ್ದೇಶಕ ಅದೇ ತಪ್ಪನ್ನು ಹತ್ತು ಚಿತ್ರಗಳಲ್ಲಿ ಮಾಡಿದರೆ ಅದನ್ನೂ ಶೈಲಿ ಎಂದು ಹೊಗಳಬೇಕೆ ಎಂಬರ್ಥದ ಕೇಲ್ ಪ್ರಶ್ನೆ ದೊಡ್ಡ ಚರ್ಚೆಗೆ ಕಾರಣವಾಯಿತು. ತಮಾಷೆ ಎಂದರೆ, ಮುಂದೆ ಅವರೇ ಕೆಲವು ಮೆಚ್ಚಿನ ನಿರ್ದೇಶಕರ ಬೆನ್ನಿಗೆ ಕಣ್ಣುಮುಚ್ಚಿ ನಿಂತರು.

1965ರಲ್ಲಿ ಅವರ ಮೊದಲ ವಿಮರ್ಶಾ ಸಂಕಲನ 'ಐ ಲಾಸ್ಟ್ ಇಟ್ ಅಟ್ ದಿ ಮೂವೀಸ್' ಬಂತು. ಸಿನಿಮಾ ವಿಮರ್ಶೆಯ ಪುಸ್ತಕವೊಂದು ಅಷ್ಟು ಮಾರಾಟವಾದದ್ದು ಪ್ರಕಾಶಕರಿಗೂ ಅಚ್ಚರಿ. ಅದರಲ್ಲಿ ಸತ್ಯಜಿತ್ ರೇ ಅವರ 'ದೇವಿ' ಕುರಿತ ಮೆಚ್ಚುಗೆಯ ಬರಹವೂ ಇದೆ. ರೇ ಚಿತ್ರಗಳನ್ನು ಅಮೆರಿಕದ ಹಲವರು ದೂರದ ಬಡದೇಶದ ದಾಖಲೆಯಂತೆ ನೋಡುತ್ತಿದ್ದ ಕಾಲದಲ್ಲಿ ಕೇಲ್ ಅವುಗಳನ್ನು ಸಿನಿಮಾ ಎಂದೇ ನೋಡಿದರು. 1973ರಲ್ಲಿ 'ಅರಣ್ಯೇರ್ ದಿನ್ ರಾತ್ರಿ'ಯನ್ನೂ ಮನಸಾರೆ ಹೊಗಳಿದರು.

ಒಂದು ಚಿತ್ರ, ಒಂದು ಬರಹ

'ಮೆಕಾಲ್ಸ್' ಕೈಬಿಟ್ಟ ಬಳಿಕ ಕೇಲ್ 'ದಿ ನ್ಯೂ ರಿಪಬ್ಲಿಕ್' ಸೇರಿದರು. ಅಲ್ಲಿ ಹೇಳದೆ ಕೇಳದೆ ಬರಹಕ್ಕೆ ಕತ್ತರಿ ಹಾಕುತ್ತಿದ್ದರು. ಅಷ್ಟರಲ್ಲಿ 1967ರ ಆಗಸ್ಟ್ ಬಂತು. ವಾರೆನ್ ಬೀಟಿ ನಿರ್ಮಿಸಿ ನಟಿಸಿದ, ಆರ್ಥರ್ ಪೆನ್ ನಿರ್ದೇಶನದ 'ಬಾನಿ ಆ್ಯಂಡ್ ಕ್ಲೈಡ್' ತೆರೆಕಂಡಿತು. 1930ರ ದಶಕದಲ್ಲಿ ಬ್ಯಾಂಕ್ ದೋಚುತ್ತಿದ್ದ ಜೋಡಿಯೊಂದರ ಕಥೆ. ನಗಿಸುತ್ತಾ ನಗಿಸುತ್ತಾ ಇದ್ದಕ್ಕಿದ್ದಂತೆ ರಕ್ತ ಚಿಮ್ಮಿಸುವ ಚಿತ್ರ.

'ನ್ಯೂಯಾರ್ಕ್ ಟೈಮ್ಸ್'ನ ಹಿರಿಯ ವಿಮರ್ಶಕ ಬಾಸ್ಲಿ ಕ್ರೌದರ್ ಕೆಂಡವಾದರು. ಒಂದು ವಿಮರ್ಶೆಗೆ ಸುಮ್ಮನಾಗದೆ ಮತ್ತೆ ಮತ್ತೆ ಚಿತ್ರದ ವಿರುದ್ಧ ಬರೆದರು. ಕೊಲೆಗಡುಕರನ್ನು ಹೀರೊಗಳಂತೆ ತೋರಿಸಲಾಗಿದೆ ಎಂಬುದು ಅವರ ಆಕ್ಷೇಪ. ಟಿಕೆಟ್ ಮಾರಾಟವೂ ಹೇಳಿಕೊಳ್ಳುವಂತಿರಲಿಲ್ಲ. ಚಿತ್ರದ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು.

ಕೇಲ್ ಬರೆದ ಸುದೀರ್ಘ ಸಮರ್ಥನೆಯನ್ನು 'ನ್ಯೂ ರಿಪಬ್ಲಿಕ್' ಪ್ರಕಟಿಸಲು ಒಪ್ಪಲಿಲ್ಲ. ಅವರು ಆ ಕೆಲಸವನ್ನೂ ಬಿಟ್ಟರು. ಬರಹ 'ದಿ ನ್ಯೂಯಾರ್ಕರ್' ವಾರಪತ್ರಿಕೆಯ ಸಂಪಾದಕ ವಿಲಿಯಂ ಶಾನ್ ಅವರ ಮೇಜಿಗೆ ಹೋಯಿತು. 1967ರ ಅಕ್ಟೋಬರ್ 21ರ ಸಂಚಿಕೆಯಲ್ಲಿ ಪ್ರಕಟವಾಯಿತು.

ಆ ಲೇಖನದಲ್ಲಿ ಏನಿತ್ತು? ಚಿತ್ರದಲ್ಲಿ ತಪ್ಪೇ ಇಲ್ಲ ಎಂದು ಅವರು ಹೇಳಲಿಲ್ಲ. ಹಳೆಯ ಗ್ಯಾಂಗ್‌ಸ್ಟರ್ ಚಿತ್ರಗಳಲ್ಲಿ ಗುಂಡು ಬಿದ್ದವನು ಎದೆ ಹಿಡಿದುಕೊಂಡು ಬೀಳುತ್ತಾನೆ, ನೋಡುವವನಿಗೆ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಹಿಂಸೆ ನೋವು ಕೊಡುತ್ತದೆ, ಕ್ಷಣದ ಹಿಂದೆ ನಕ್ಕಿದ್ದಕ್ಕೆ ನೋಡುಗನೇ ನಾಚಿಕೊಳ್ಳುವಂತೆ ಮಾಡುತ್ತದೆ. ಚಿತ್ರದ ಬಲವೇ ಅದು ಎಂದು ವಾದಿಸಿದರು. ಹಿಂಸೆ ತೋರಿಸಿದ ಮಾತ್ರಕ್ಕೆ ಚಿತ್ರ ಹಿಂಸೆಯನ್ನು ಮೆಚ್ಚಿದಂತಲ್ಲ ಎಂಬ ಮಾತನ್ನು ನಾವಿಂದು ಸಲೀಸಾಗಿ ಆಡುತ್ತೇವೆ. 1967ರಲ್ಲಿ ಅದನ್ನು ಹೇಳಲು ಸಾವಿರಾರು ಪದ ಬೇಕಾಯಿತು, ಒಂದು ಕೆಲಸ ಬಿಡಬೇಕಾಯಿತು.

ಗಾಳಿ ತಿರುಗಿತು. ಇತರ ಕೆಲವು ವಿಮರ್ಶಕರೂ ದನಿಗೂಡಿಸಿದರು, ಚಿತ್ರ ಮರುಬಿಡುಗಡೆಯಾಗಿ ಗೆದ್ದಿತು. 10 ಆಸ್ಕರ್ ನಾಮನಿರ್ದೇಶನ ಪಡೆದು ಎರಡನ್ನು ಗೆದ್ದಿತು. ಕ್ರೌದರ್ ತಮ್ಮ ಹುದ್ದೆಯಿಂದ ಸರಿದರು. ಕೇಲ್ ಅವರಿಗೆ ಶಾನ್ 'ನ್ಯೂಯಾರ್ಕರ್'ನಲ್ಲಿ ಕಾಯಂ ಅಂಕಣ ಕೊಟ್ಟರು. ವರ್ಷದಲ್ಲಿ ಆರು ತಿಂಗಳು ಕೇಲ್, ಉಳಿದ ಆರು ತಿಂಗಳು ಪೆನೆಲೊಪಿ ಗಿಲಿಯಟ್ ಎಂಬ ಹಂಚಿಕೆ. 48ರ ವಯಸ್ಸಿನಲ್ಲಿ ಕೊನೆಗೂ ಒಂದು ನೆಲೆ ಸಿಕ್ಕಿತು.

ಮಸಾಲೆಯನ್ನೂ ಮೆಚ್ಚಿದವರು

ಜನಪ್ರಿಯ ಚಿತ್ರಗಳನ್ನು ಬೈದೇ ಹೆಸರಾದವರು ಎಂದುಕೊಂಡರೆ ಕೇಲ್ ಅರ್ಥವಾಗುವುದಿಲ್ಲ. 1969ರಲ್ಲಿ 'ಹಾರ್ಪರ್ಸ್' ಪತ್ರಿಕೆಗೆ ಬರೆದ 'ಟ್ರಾಶ್, ಆರ್ಟ್ ಆ್ಯಂಡ್ ದಿ ಮೂವೀಸ್' ಎಂಬ ಪ್ರಬಂಧದಲ್ಲಿ ಅವರು ಹೇಳಿದ್ದು ಸರಳ. ಸಿನಿಮಾಗಳಲ್ಲಿ ದೊಡ್ಡ ಕಲೆ ಕಾಣಸಿಗುವುದು ಅಪರೂಪ. ನಾವು ಥಿಯೇಟರ್‌ಗೆ ಹೋಗುವುದು ಖುಷಿಗಾಗಿ. ಒಂದು ಒಳ್ಳೆಯ ಡೈಲಾಗ್, ನಟನೊಬ್ಬನ ನೋಟ, ಅನಿರೀಕ್ಷಿತ ತುಂಟತನ ಇಷ್ಟಕ್ಕೇ ಮನಸ್ಸು ತುಂಬುತ್ತದೆ. ಆ ಖುಷಿಯನ್ನು ಒಪ್ಪಿಕೊಳ್ಳಲು ನಾಚಿಕೆ ಏಕೆ? ಅದೇ ಹೊತ್ತಿಗೆ ಮಸಾಲೆ ಚಿತ್ರಕ್ಕೆ ತತ್ವಜ್ಞಾನದ ಶಾಲು ಹೊದಿಸಿ ಕಲೆ ಎಂದು ಸನ್ಮಾನಿಸುವುದೂ ಬೇಡ. ಅದೇ ಪ್ರಬಂಧದಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ'ಯನ್ನು ಕಲ್ಪನೆಯಿಲ್ಲದ ಆಡಂಬರ ಎಂದು ತಳ್ಳಿಹಾಕಿದರು. ಇಂದು ಆ ಚಿತ್ರ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಗಳಲ್ಲಿ ತಪ್ಪದೇ ಇರುತ್ತದೆ. ಕೇಲ್ ಮಾತ್ರ ತಮ್ಮ ಮಾತು ಹಿಂತೆಗೆದುಕೊಳ್ಳಲಿಲ್ಲ.

ಅವರ ರುಚಿ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. 'ದಿ ಗಾಡ್‌ಫಾದರ್' ಮೆಚ್ಚಿದರು. ಹೊಸಬರಾಗಿದ್ದ ಮಾರ್ಟಿನ್ ಸ್ಕಾರ್ಸೆಸಿ ಅವರ 'ಮೀನ್ ಸ್ಟ್ರೀಟ್ಸ್' ಬಂದಾಗ ಬೆನ್ನು ತಟ್ಟಿದರು. ಕ್ಲಿಂಟ್ ಈಸ್ಟ್‌ವುಡ್ ಅವರ 'ಡರ್ಟಿ ಹ್ಯಾರಿ'ಯಲ್ಲಿ ಕಾನೂನು ಮೀರುವ ಪೊಲೀಸನನ್ನು ಮೆರೆಸಿದ್ದು ಫ್ಯಾಸಿಸಂಗೆ ಹತ್ತಿರ ಎಂದರು. 'ಸ್ಟಾರ್ ವಾರ್ಸ್'ಗೆ ಆಕಳಿಸಿದರು, 'ಇ.ಟಿ.'ಗೆ ಕರಗಿದರು. ಸ್ಟಾರ್ ರೇಟಿಂಗ್ ಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಒಂದು ಚಿತ್ರವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ನೋಡುವುದಾಗಿ ಹೇಳುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನ ಮನೆಯಲ್ಲಿ ಕೂತು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು, ಮಗಳು ಟೈಪ್ ಮಾಡಿಕೊಡುತ್ತಿದ್ದರು. 1974ರಲ್ಲಿ ಅವರ 'ಡೀಪರ್ ಇನ್‌ಟು ಮೂವೀಸ್' ಸಂಕಲನಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಸಿನಿಮಾ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಅಧಿಕಾರ ತಲೆಗೇರಿತೇ?

ಒಬ್ಬ ವಿಮರ್ಶಕಿಯ ಮಾತಿಗೆ ಇಷ್ಟು ತೂಕ ಬಂದರೆ ಅಪಾಯವೂ ಇರುತ್ತದೆ. 1971ರ ಫೆಬ್ರವರಿಯಲ್ಲಿ 'ನ್ಯೂಯಾರ್ಕರ್'ನ ಎರಡು ಸಂಚಿಕೆಗಳಲ್ಲಿ 'ರೈಸಿಂಗ್ ಕೇನ್' ಎಂಬ ಅವರ ದೀರ್ಘ ಲೇಖನ ಬಂತು. ವಿಷಯ, ಆರ್ಸನ್ ವೆಲ್ಸ್ ಅವರ 'ಸಿಟಿಜನ್ ಕೇನ್'. ಚಿತ್ರಕಥೆಯ ಶ್ರೇಯಸ್ಸು ಬಹುಪಾಲು ಹರ್ಮನ್ ಮ್ಯಾಂಕಿವಿಚ್ ಎಂಬ ಮರೆತುಹೋದ ಲೇಖಕನಿಗೆ ಸೇರಬೇಕು, ವೆಲ್ಸ್ ಅದನ್ನು ತಮ್ಮದಾಗಿಸಿಕೊಂಡರು ಎಂಬುದು ಲೇಖನದ ಸಾರ. ನಿರ್ದೇಶಕನೇ ಎಲ್ಲ ಎನ್ನುವವರಿಗೆ ಕೊಟ್ಟ ಏಟು ಅದು. ಬರಹಗಾರರ ಪರ ನಿಂತ ಉದ್ದೇಶ ಒಳ್ಳೆಯದೇ.

ಆದರೆ ಕೇಲ್ ಸ್ವತಃ ವೆಲ್ಸ್ ಅವರನ್ನೇ ಮಾತಾಡಿಸಿರಲಿಲ್ಲ! ಲೇಖನಕ್ಕೆ ಆಧಾರವಾದ ಸಂಶೋಧನೆಯಲ್ಲಿ ದೊಡ್ಡ ಭಾಗ ಲಾಸ್ ಏಂಜಲೀಸ್‌ನ ಪ್ರಾಧ್ಯಾಪಕ ಹೊವಾರ್ಡ್ ಸೂಬರ್ ಅವರದು. ಅವರ ಹೆಸರು ಲೇಖನದಲ್ಲಿ ಎಲ್ಲೂ ಇರಲಿಲ್ಲ. ಲೇಖಕನಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ ಎಂದು ದೂರುವ ಬರಹವೇ ಇನ್ನೊಬ್ಬರ ಹೆಸರನ್ನು ನುಂಗಿತ್ತು. ನಿರ್ದೇಶಕ ಪೀಟರ್ ಬಾಗ್ಡನೊವಿಚ್ 1972ರಲ್ಲಿ 'ಎಸ್ಕ್ವೈರ್'ನಲ್ಲಿ ಇದನ್ನೆಲ್ಲ ಬಯಲಿಗೆಳೆದರು. ಮುಂದೆ ವಿದ್ವಾಂಸ ರಾಬರ್ಟ್ ಕ್ಯಾರಿಂಜರ್ ಚಿತ್ರಕಥೆಯ ಬೇರೆ ಬೇರೆ ಕರಡುಗಳನ್ನು ಹೋಲಿಸಿ, ವೆಲ್ಸ್ ಪಾಲು ಸಣ್ಣದಲ್ಲ ಎಂದು ತೋರಿಸಿಕೊಟ್ಟರು. ಕೇಲ್ ಉತ್ತರಿಸುವ ಗೋಜಿಗೇ ಹೋಗಲಿಲ್ಲ. ಅವರ ಇಡೀ ಬದುಕಿನಲ್ಲಿ ಸಮರ್ಥಿಸಲು ಅತಿ ಕಷ್ಟವಾದ ಮೌನ ಇದು. ಈ ಹಳೆಯ ಜಗಳ 2020ರಲ್ಲಿ ಡೇವಿಡ್ ಫಿಂಚರ್ ಅವರ 'ಮ್ಯಾಂಕ್' ಚಿತ್ರದೊಂದಿಗೆ ಮತ್ತೆ ಸುದ್ದಿಯಾಯಿತು.

ಹೊಗಳಿಕೆಯಲ್ಲೂ ಅವರಿಗೆ ಮಿತಿ ಇರಲಿಲ್ಲ. 1972ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಬೆರ್ನಾರ್ಡೊ ಬೆರ್ಟಲೂಚಿ ಅವರ 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್' ನೋಡಿ, ಸಂಗೀತ ಚರಿತ್ರೆಯಲ್ಲಿ ಸ್ಟ್ರಾವಿನ್‌ಸ್ಕಿಯ ಕೃತಿ ಮೊದಲ ಬಾರಿ ಪ್ರದರ್ಶನಗೊಂಡ 1913ರ ರಾತ್ರಿಗೆ ಆ ಸಂಜೆಯನ್ನು ಹೋಲಿಸಿದರು. ನಿರ್ಮಾಣ ಸಂಸ್ಥೆ ಆ ವಿಮರ್ಶೆಯನ್ನು ಇಡಿಯಾಗಿ ಪತ್ರಿಕೆಯಲ್ಲಿ ಎರಡು ಪುಟದ ಜಾಹೀರಾತಾಗಿ ಹಾಕಿಸಿತು. ಚಿತ್ರೀಕರಣದಲ್ಲಿ ತಮಗಾದ ಅವಮಾನದ ಬಗ್ಗೆ ನಟಿ ಮರಿಯಾ ಶ್ನೈಡರ್ ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. ಅದನ್ನು ತಿಳಿದು ಇಂದು ಆ ವಿಮರ್ಶೆ ಓದುವುದು ಬೇರೆಯೇ ಅನುಭವ. 1975ರಲ್ಲಿ ರಾಬರ್ಟ್ ಆಲ್ಟ್‌ಮನ್ ಅವರ 'ನ್ಯಾಶ್‌ವಿಲ್' ಸಂಕಲನ ಮುಗಿಯುವ ಮೊದಲೇ ನೋಡಿ, ಬಿಡುಗಡೆಗೆ ತಿಂಗಳುಗಳ ಮುಂಚೆ ವಿಮರ್ಶೆ ಬರೆದೇಬಿಟ್ಟರು. ಉಳಿದ ವಿಮರ್ಶಕರಿಗೆ ಸಿಟ್ಟು ಬರದೇ ಇರುತ್ತದೆಯೇ?

ಕೇಲ್ ಮತ್ತು ಅವರ ಸಹೋದ್ಯೋಗಿಗಳ ಬಾಯಿಗೆ ಸಿಕ್ಕವರಲ್ಲಿ ಡೇವಿಡ್ ಲೀನ್ ಕೂಡ ಒಬ್ಬರು. 1970ರಲ್ಲಿ ಅವರ 'ರಯಾನ್ಸ್ ಡಾಟರ್' ತೆರೆಕಂಡ ಬಳಿಕ ನ್ಯೂಯಾರ್ಕ್‌ನ ಅಲ್ಗಾಂಕ್ವಿನ್ ಹೋಟೆಲ್‌ನಲ್ಲಿ ವಿಮರ್ಶಕರು ಅವರನ್ನು ಊಟಕ್ಕೆ ಕರೆದಿದ್ದರು. ಕೂರಿಸಿಕೊಂಡು ಎದುರಿಗೇ ಕಟುವಾಗಿ ಮಾತಾಡಿದರು. ಆ ಮಧ್ಯಾಹ್ನದ ಗಾಯವನ್ನು ಲೀನ್ ಮರೆಯಲಿಲ್ಲ. ಮುಂದಿನ 14 ವರ್ಷ ಅವರಿಂದ ಒಂದೂ ಕಥಾಚಿತ್ರ ಬರಲಿಲ್ಲ. ಆ ಮೌನ ಮುರಿದದ್ದು 1984ರಲ್ಲಿ, 'ಎ ಪ್ಯಾಸೇಜ್ ಟು ಇಂಡಿಯಾ' ಮೂಲಕ. ಅದರ ಮರಾಬಾರ್ ಗುಹೆಗಳ ದೃಶ್ಯಗಳಿಗೆ ಅವರು ಆರಿಸಿಕೊಂಡದ್ದು ಬೆಂಗಳೂರಿನ ಸಮೀಪದ ಸಾವನದುರ್ಗ ಹಾಗೂ ರಾಮನಗರದ ಬಂಡೆಗಳನ್ನು. ಹಾಂ, ಅದೇ 'ಶೋಲೆ'ಯ ರಾಮನಗರ.

ಹಾಲಿವುಡ್‌ಗೆ ಹೋಗಿ ಬಂದ ಮೇಲೆ

1979ರಲ್ಲಿ ಕೇಲ್ ಎಲ್ಲರಿಗೂ ಅಚ್ಚರಿಯಾಗುವಂಥ ಹೆಜ್ಜೆ ಇಟ್ಟರು. ವಾರೆನ್ ಬೀಟಿ ಕರೆದರೆಂದು ಅಂಕಣಕ್ಕೆ ವಿರಾಮ ಕೊಟ್ಟು ಪ್ಯಾರಮೌಂಟ್ ಸ್ಟುಡಿಯೊಗೆ ಹೋದರು. ಮೊದಲು ಚಿತ್ರವೊಂದರ ನಿರ್ಮಾಣದಲ್ಲಿ ಕೈಜೋಡಿಸಿದರು, ಅಲ್ಲಿ ಹೊಂದಾಣಿಕೆಯಾಗಲಿಲ್ಲ. ಆಮೇಲೆ ಸಲಹೆಗಾರ್ತಿಯಾದರು. ಕೆಲವೇ ತಿಂಗಳಲ್ಲಿ ಸಾಕಾಯಿತು. 1980ರಲ್ಲಿ ಮರಳಿ 'ನ್ಯೂಯಾರ್ಕರ್' ಸೇರಿ, ಸಿನಿಮಾಗಳೇಕೆ ಇಷ್ಟು ಕೆಡುತ್ತಿವೆ ಎಂಬ ಪ್ರಶ್ನೆ ಇಟ್ಟುಕೊಂಡು ಬರೆದರು. ಸ್ಟುಡಿಯೊಗಳನ್ನು ದೊಡ್ಡ ಕಂಪನಿಗಳು ಕೊಂಡಿವೆ, ಅಲ್ಲಿ ಕೂತವರಿಗೆ ಸಿನಿಮಾ ಬೇಡ, ಟಿವಿ ಹಕ್ಕು ಎಷ್ಟಕ್ಕೆ ಹೋಗುತ್ತದೆ ಎಂಬ ಸಂಖ್ಯೆ ಸಾಕು. ನಷ್ಟವಾಗದಂತೆ ಮೊದಲೇ ವ್ಯಾಪಾರ ಕುದುರಿದ ಮೇಲೆ ಚಿತ್ರ ಚೆನ್ನಾಗಿರಬೇಕೆಂಬ ಹಟ ಯಾರಿಗಿರುತ್ತದೆ? ಒಳಗೆ ಕೂತು ನೋಡಿ ಬಂದವರ ಬರಹ ಅದು. ಟಿವಿ ಹಕ್ಕಿನ ಜಾಗದಲ್ಲಿ ಒಟಿಟಿ ಎಂದು ಓದಿಕೊಂಡರೆ ಇಂದಿನ ಯಾವ ಚಿತ್ರೋದ್ಯಮಕ್ಕೂ ಹೊಂದುತ್ತದೆ.

ಅದೇ ವರ್ಷ ಆಗಸ್ಟ್‌ನಲ್ಲಿ ಅವರ ಮೇಲೆ ಅತಿ ದೊಡ್ಡ ದಾಳಿ ನಡೆಯಿತು. 'ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್'ನಲ್ಲಿ ರೆನಾಟಾ ಆಡ್ಲರ್ ಅವರ ಹೊಸ ಸಂಕಲನವನ್ನು ಸಾಲುಸಾಲಾಗಿ ಬಿಡಿಸಿ ಹಾಕಿದರು. ಆಡ್ಲರ್ ಕೂಡ 'ನ್ಯೂಯಾರ್ಕರ್' ಬಳಗದವರೇ. ಬೈಗುಳ, ಬೆದರಿಕೆಯ ಧಾಟಿ, ಓದುಗರನ್ನು ತಮ್ಮ ಕಡೆ ಎಳೆದುಕೊಳ್ಳುವ ಪ್ರಶ್ನೆಗಳು ಇವೇ ತುಂಬಿವೆ, ವಿಚಾರ ಇಲ್ಲ ಎಂಬುದು ಆರೋಪ. ವರ್ಷಗಟ್ಟಲೆ ಬೇರೆಯವರಿಗೆ ಏಟು ಕೊಟ್ಟವರಿಗೆ ಅಷ್ಟೇ ಜೋರಾದ ಏಟು ಬಿದ್ದಿತ್ತು. ಕೇಲ್ ಇದಕ್ಕೂ ಉತ್ತರ ಬರೆಯಲಿಲ್ಲ, ಮುಂದಿನ ಚಿತ್ರ ನೋಡಲು ಹೋದರು.

ಅವರ ಹಾದಿಯಲ್ಲಿ ನಡೆದ ಕಿರಿಯ ವಿಮರ್ಶಕರ ದಂಡೇ ಇತ್ತು. 'ಪಾಲೆಟ್'ಗಳು ಎಂದು ಅವರನ್ನು ಅಣಕಿಸುವವರೂ ಇದ್ದರು. ಕ್ವೆಂಟಿನ್ ಟ್ಯಾರಂಟಿನೊ ತಮ್ಮ ಮೇಲೆ ಕೇಲ್ ಪ್ರಭಾವ ಎಷ್ಟಿದೆ ಎಂದು ಹಲವು ಬಾರಿ ಹೇಳಿಕೊಂಡಿದ್ದಾರೆ.

ಪಾರ್ಕಿನ್ಸನ್ ಕಾಯಿಲೆ ಕಾಡತೊಡಗಿತ್ತು. 1991ರಲ್ಲಿ ಅಂಕಣ ನಿಲ್ಲಿಸಿದರು. ಆದರೂ ಸಿನಿಮಾ ಮಂದಿ ಬಿಡಲಿಲ್ಲ. 1998ರಲ್ಲಿ ಆಗಿನ್ನೂ ಯುವಕರಾಗಿದ್ದ ನಿರ್ದೇಶಕ ವೆಸ್ ಆ್ಯಂಡರ್ಸನ್ ತಮ್ಮ 'ರಶ್‌ಮೋರ್' ಚಿತ್ರವನ್ನು ಅವರಿಗೆ ತೋರಿಸಲೆಂದೇ ಅವರ ಊರಿನ ಥಿಯೇಟರ್‌ನಲ್ಲಿ ವಿಶೇಷ ಪ್ರದರ್ಶನ ಏರ್ಪಡಿಸಿದರು. 79ರ ವಯಸ್ಸಿನ ಕೇಲ್ ಅವರನ್ನು ತಾವೇ ಕಾರಿನಲ್ಲಿ ಕರೆದೊಯ್ದರು. ಹೊಗಳಿಕೆಯ ನಿರೀಕ್ಷೆಯಲ್ಲಿದ್ದ ಆ್ಯಂಡರ್ಸನ್‌ಗೆ ಸಿಕ್ಕಿದ್ದು, ಈ ಚಿತ್ರವನ್ನು ಏನೆಂದು ತಿಳಿಯಬೇಕೋ ತಮಗೇ ಗೊತ್ತಾಗುತ್ತಿಲ್ಲ ಎಂಬ ಉತ್ತರ. ಅವರು ಅದನ್ನೂ ಪ್ರೀತಿಯಿಂದಲೇ ಬರೆದುಕೊಂಡಿದ್ದಾರೆ.

2001ರ ಸೆಪ್ಟೆಂಬರ್ 3ರಂದು, ತಮ್ಮ 82ನೇ ವಯಸ್ಸಿನಲ್ಲಿ, ಗ್ರೇಟ್ ಬ್ಯಾರಿಂಗ್ಟನ್‌ನ ಅದೇ ಮನೆಯಲ್ಲಿ ಪಾಲಿನ್ ಕೇಲ್ ನಿಧನರಾದರು.